1.0 ಟರ್ಬೊ ಬೇಕೋ, 1.2 ಸಾಕೋ? ಹ್ಯಾಚ್‌ಬ್ಯಾಕ್ ಕೊಳ್ಳುವವರಿಗಾಗಿ

ನಮಸ್ಕಾರ. ಒಂದೇ ಷೋರೂಮಿನಲ್ಲಿ, ಒಂದೇ ಮೈಕಟ್ಟಿನ ಎರಡು ಕಾರುಗಳು ನಿಂತಿರುತ್ತವೆ. ಒಂದರ ಬಾನೆಟ್ಟಿನ ಕೆಳಗೆ 1.2 ಲೀಟರಿನ ಎಂಜಿನ್ ಇದೆ. ಇನ್ನೊಂದರಲ್ಲಿ ಅದಕ್ಕಿಂತ ಚಿಕ್ಕದಾದ 1.0 ಲೀಟರಿನ ಟರ್ಬೊ ಎಂಜಿನ್ ಇದೆ. ಬೆಲೆ ಮಾತ್ರ ಚಿಕ್ಕ ಎಂಜಿನ್ನಿನ ಕಾರಿಗೇ ಹೆಚ್ಚು. ಈ ಹೆಚ್ಚಿನ ಹಣಕ್ಕೆ ನಿಜವಾಗಿ ಏನು ಸಿಗುತ್ತದೆ, ಅದು ಯಾರಿಗೆ ಉಪಯುಕ್ತ, ಯಾರಿಗೆ ಅನಗತ್ಯ ಎಂಬುದನ್ನು ಈ ವಿಡಿಯೋದಲ್ಲಿ ನೋಡೋಣ.

(ಪರದೆಯ ಮೇಲೆ: 4 ಮೀಟರ್ ಉದ್ದ, 1200 ಸಿಸಿ)

ಮೊದಲು ನಮ್ಮ ದೇಶದಲ್ಲಿ ಈ ಆಯ್ಕೆ ಇಷ್ಟು ಇಕ್ಕಟ್ಟಾಗಿರುವುದಕ್ಕೆ ಕಾರಣವನ್ನು ತಿಳಿಯಬೇಕು. 2006ರ ಕೇಂದ್ರ ಬಜೆಟ್ಟಿನಲ್ಲಿ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ ಶೇ 16ಕ್ಕೆ ಇಳಿಸಿದಾಗ, ‘ಸಣ್ಣ ಕಾರು’ ಎಂದರೆ ನಾಲ್ಕು ಮೀಟರ್ ಮೀರದ ಉದ್ದ ಮತ್ತು ಪೆಟ್ರೋಲ್ ಆದರೆ 1200 ಸಿಸಿ, ಅಂದರೆ 1.2 ಲೀಟರ್, ಮೀರದ ಎಂಜಿನ್ ಎಂದು ಗೆರೆ ಎಳೆಯಲಾಯಿತು. ಅನಂತರ ಜಿಎಸ್‌ಟಿ ಬಂದರೂ ಆ ಗೆರೆ ಅಳಿಸಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಲ್ಲಿ ಗೆರೆಯ ಒಳಗಿನ ಕಾರಿಗೆ ಶೇ 18, ಹೊರಗಿನದಕ್ಕೆ ಶೇ 40 ತೆರಿಗೆ ಇದೆ. ಹೋಂಡಾ ಜಾಝ್ ಹೊರದೇಶಗಳಲ್ಲಿ 1.5 ಲೀಟರಿನ ಎಂಜಿನ್ನಿನೊಂದಿಗೂ ಮಾರಾಟವಾಗುತ್ತಿದ್ದ ಕಾಲದಲ್ಲಿ ನಮ್ಮಲ್ಲಿ 1.2 ಲೀಟರಿಗೆ ಇಳಿದದ್ದು ಈ ಗೆರೆಯಿಂದಾಗಿಯೇ. ಟೊಯೊಟಾ ಯಾರಿಸ್, ಮಾಜ್ದಾ 2 ಮುಂತಾದ ಹ್ಯಾಚ್‌ಬ್ಯಾಕ್‌ಗಳಲ್ಲಿ ಜಪಾನಿನ ಗ್ರಾಹಕನಿಗೆ ಟರ್ಬೊ ಇಲ್ಲದ 1.5 ಲೀಟರಿನ ನೆಮ್ಮದಿಯ ಎಂಜಿನ್ ಸಿಕ್ಕಿದೆ. ನಮಗೆ ಆ ನಡುದಾರಿ ಇಲ್ಲ. ಆದ್ದರಿಂದ ‘ಚಿಕ್ಕ ಟರ್ಬೊ ಅಥವಾ ದೊಡ್ಡ ಸಾಮಾನ್ಯ ಎಂಜಿನ್’ ಎಂದು ವಿದೇಶಿ ವಿಮರ್ಶಕರು ಚರ್ಚಿಸುವಾಗ ಅವರ ಮನಸ್ಸಿನಲ್ಲಿರುವ ‘ದೊಡ್ಡದು’ ನಮ್ಮ ಷೋರೂಮಿನಲ್ಲಿ ಇರುವುದೇ ಇಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಇಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ ಹೆಚ್ಚೆಂದರೆ 200 ಸಿಸಿ.

ಈಗ ಎಂಜಿನ್ನಿನ ಒಳಗೆ ನೋಡೋಣ. ನ್ಯಾಚುರಲಿ ಆಸ್ಪಿರೇಟೆಡ್, ಅಂದರೆ ಟರ್ಬೊ ಇಲ್ಲದ ಎಂಜಿನ್ನಿನಲ್ಲಿ ಪಿಸ್ಟನ್ ಕೆಳಗಿಳಿಯುವಾಗ ಉಂಟಾಗುವ ತೆರಪನ್ನು ಹೊರಗಿನ ಗಾಳಿ ತನ್ನದೇ ಒತ್ತಡದಿಂದ ತುಂಬುತ್ತದೆ. ಅದಕ್ಕಿಂತ ಹೆಚ್ಚು ಗಾಳಿ ಬೇಕೆಂದರೆ ಎಂಜಿನ್ ಹೆಚ್ಚು ವೇಗವಾಗಿ ತಿರುಗಬೇಕು, ಬೇರೆ ದಾರಿಯಿಲ್ಲ. ಟರ್ಬೊ ಎಂಜಿನ್ನಿನಲ್ಲಿ ಹೊರಹೋಗುವ ಬಿಸಿ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರದ ಇನ್ನೊಂದು ತುದಿಯಲ್ಲಿರುವ ಕಂಪ್ರೆಸರ್ ತಾಜಾ ಗಾಳಿಯನ್ನು ಒತ್ತಿ ಸಿಲಿಂಡರಿನೊಳಕ್ಕೆ ತುಂಬುತ್ತದೆ. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೀಗಾಗಿ 1.0 ಲೀಟರಿನ ಎಂಜಿನ್ ಅಗತ್ಯ ಬಿದ್ದಾಗ ಒಂದೂವರೆ ಲೀಟರಿನ ಎಂಜಿನ್ನಿನಷ್ಟು ಎಳೆಯುತ್ತದೆ. ‘ಅಗತ್ಯ ಬಿದ್ದಾಗ’ ಎಂಬ ಷರತ್ತು ಮುಖ್ಯ. ಮುಂದೆ ಹೇಳಲಿರುವ ಲಾಭವೂ ನಷ್ಟವೂ ಬಹುಪಾಲು ಈ ಷರತ್ತಿನಿಂದಲೇ ಹುಟ್ಟುತ್ತವೆ.

(ಪರದೆಯ ಮೇಲೆ: ಹ್ಯುಂಡೈ ಐ20 1.2 ಮತ್ತು ಐ20 ಎನ್ ಲೈನ್ 1.0 ಟರ್ಬೊ)

ಹ್ಯುಂಡೈ ಐ20 ಕಾರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರ 1.2 ಲೀಟರಿನ ಎಂಜಿನ್ ಮ್ಯಾನ್ಯುಯಲ್ ಗೇರಿನೊಂದಿಗೆ 83 ಪಿಎಸ್ ಶಕ್ತಿಯನ್ನೂ 4200 ಆರ್‌ಪಿಎಂನಲ್ಲಿ ಸುಮಾರು 115 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತದೆ. ಪಿಎಸ್ ಎಂದರೆ ಅಶ್ವಶಕ್ತಿಯ ಅಳತೆ, ಟಾರ್ಕ್ ಎಂದರೆ ಎಂಜಿನ್ನಿನ ತಿರುಗಿಸುವ ಬಲ, ಆರ್‌ಪಿಎಂ ಎಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು. ಅದೇ ಕಾರಿನ ಸ್ಪೋರ್ಟಿ ಆವೃತ್ತಿಯಾದ ಎನ್ ಲೈನ್‌ನ 1.0 ಟರ್ಬೊ 120 ಪಿಎಸ್ ಶಕ್ತಿಯನ್ನು ಕೊಡುತ್ತದೆ, ಅದರ 172 ನ್ಯೂಟನ್ ಮೀಟರ್ ಟಾರ್ಕ್ 1500ರಿಂದ 4000 ಆರ್‌ಪಿಎಂವರೆಗೂ ಸಮತಟ್ಟಾಗಿ ದೊರೆಯುತ್ತದೆ. ಜಾಹೀರಾತುಗಳು 83 ಮತ್ತು 120 ಎಂಬ ಅಂಕಿಗಳನ್ನು ದಪ್ಪಕ್ಷರದಲ್ಲಿ ತೋರಿಸುತ್ತವೆ. ಆದರೆ ಆ ಶಕ್ತಿ ಸಿಗುವುದು 6000 ಆರ್‌ಪಿಎಂನ ಆಸುಪಾಸಿನಲ್ಲಿ. ಮನೆಮಂದಿಯನ್ನು ಕೂರಿಸಿಕೊಂಡು ಹೋಗುವವರು ಎಂಜಿನ್ನನ್ನು ಅಲ್ಲಿಯವರೆಗೆ ಕಿರುಚಿಸುವುದು ಅಪರೂಪ. ನಾವು ದಿನವೂ ಓಡಿಸುವ 2000 ಆರ್‌ಪಿಎಂನಲ್ಲಿ ಏನಿದೆ ಎಂದು ಕೇಳಬೇಕು.

ಅದನ್ನು ನೀವೇ ಲೆಕ್ಕ ಹಾಕಬಹುದು. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7023ರಿಂದ ಭಾಗಿಸಿದರೆ ಆ ಕ್ಷಣದ ಪಿಎಸ್ ಸಿಗುತ್ತದೆ. 2000 ಆರ್‌ಪಿಎಂನಲ್ಲಿ ಟರ್ಬೊ ಎಂಜಿನ್ ಸುಮಾರು 49 ಪಿಎಸ್ ಕೊಡುತ್ತದೆ. ಅದೇ ವೇಗದಲ್ಲಿ 1.2 ಲೀಟರಿನ ಎಂಜಿನ್ 100 ನ್ಯೂಟನ್ ಮೀಟರ್ ಕೊಡುತ್ತದೆಂದು ಧಾರಾಳವಾಗಿ ಹಿಡಿದರೂ ಸಿಗುವುದು 28 ಪಿಎಸ್ ಮಾತ್ರ. ಟರ್ಬೊ ಎಂಜಿನ್ ಸದ್ದಿಲ್ಲದೆ ಕೊಟ್ಟ ಆ 49 ಪಿಎಸ್ ಅನ್ನು 1.2ರಿಂದ ಪಡೆಯಬೇಕಾದರೆ ಗೇರ್ ಇಳಿಸಿ 3100 ಆರ್‌ಪಿಎಂ ದಾಟಿಸಬೇಕು. ಹೆದ್ದಾರಿಯಲ್ಲಿ ಲಾರಿಯನ್ನು ಹಿಂದೆ ಹಾಕುವಾಗ ಒಬ್ಬ ಚಾಲಕ ಕಾಲನ್ನು ಒತ್ತುವುದಷ್ಟೇ ಸಾಕು, ಇನ್ನೊಬ್ಬ ನಾಲ್ಕರಿಂದ ಮೂರನೇ ಗೇರಿಗೆ ಬಂದು ಎಂಜಿನ್ನಿನ ಸದ್ದನ್ನು ಸಹಿಸಬೇಕು ಎಂಬ ವ್ಯತ್ಯಾಸ ಇಲ್ಲಿಂದ ಬರುತ್ತದೆ. ಗೇರ್ ಬದಲಿಸುವುದರಲ್ಲಿ ಸಂತೋಷ ಕಾಣುವವರಿಗೆ ಇದು ದೂರಿನ ವಿಷಯವೇ ಅಲ್ಲ, ಅದನ್ನೂ ಹೇಳಬೇಕು.

ಸಿಟ್ರೊಯೆನ್ ಸಿ3 ಇನ್ನೂ ಸ್ಪಷ್ಟವಾದ ಹೋಲಿಕೆಯನ್ನು ಒದಗಿಸುತ್ತದೆ, ಏಕೆಂದರೆ ಅದರ ಎರಡೂ ಎಂಜಿನ್‌ಗಳ ಗಾತ್ರ 1.2 ಲೀಟರೇ. ಟರ್ಬೊ ಇಲ್ಲದಾಗ 82 ಪಿಎಸ್ ಮತ್ತು 115 ನ್ಯೂಟನ್ ಮೀಟರ್. ಟರ್ಬೊ ಇದ್ದಾಗ 110 ಪಿಎಸ್ ಮತ್ತು ಮ್ಯಾನ್ಯುಯಲ್ ಗೇರಿನೊಂದಿಗೆ 190 ನ್ಯೂಟನ್ ಮೀಟರ್. ಶಕ್ತಿ ಮೂರರಲ್ಲಿ ಒಂದು ಪಾಲಿನಷ್ಟು ಹೆಚ್ಚಿದರೆ ಟಾರ್ಕ್ ಮೂರರಲ್ಲಿ ಎರಡು ಪಾಲಿನಷ್ಟು ಹೆಚ್ಚಿದೆ.

(ದೃಶ್ಯ: ಶಿರಾಡಿ ಘಾಟಿಯ ಏರು; ಬಳಿಕ ಕರಾವಳಿಯಿಂದ ಊಟಿಯವರೆಗಿನ ಎತ್ತರದ ನಕ್ಷೆ)

ಕರ್ನಾಟಕದವರು ಹೆಚ್ಚು ಗಮನಿಸಬೇಕಾದ ಆದರೆ ಷೋರೂಮಿನಲ್ಲಿ ಯಾರೂ ಪ್ರಸ್ತಾಪಿಸದ ಒಂದು ಸಂಗತಿ ಇದೆ: ಎತ್ತರ. ಕಂಪನಿಗಳು ಹೇಳುವ ಪಿಎಸ್ ಸಮುದ್ರಮಟ್ಟಕ್ಕೆ ಸಮೀಪವಾದ ಗಾಳಿಯ ಒತ್ತಡಕ್ಕೆ ಹೊಂದಿಸಿದ ಲೆಕ್ಕ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಹೊರಗಿನ ಒತ್ತಡವನ್ನೇ ನಂಬಿದ ಟರ್ಬೊ ಇಲ್ಲದ ಎಂಜಿನ್ ಆ ಪಾಲನ್ನು ನೇರವಾಗಿ ಕಳೆದುಕೊಳ್ಳುತ್ತದೆ. ಅಂದರೆ ಮಾರುತಿ ಬಲೆನೊ 90 ಪಿಎಸ್ ಎಂದು ಕೊಂಡವರು ಬೆಂಗಳೂರಿನಲ್ಲಿ ಓಡಿಸುತ್ತಿರುವುದು 80ರ ಆಸುಪಾಸಿನ ಕಾರನ್ನು. ಮಡಿಕೇರಿಗೆ ಹೋದರೆ ಇನ್ನಷ್ಟು ಇಳಿಯುತ್ತದೆ, 2200 ಮೀಟರ್ ದಾಟಿದ ಊಟಿಯಲ್ಲಿ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಶಕ್ತಿ ಕಳೆದುಹೋಗಿರುತ್ತದೆ. ಟರ್ಬೊ ಎಂಜಿನ್ನಿನಲ್ಲಿ ಕಂಪ್ಯೂಟರ್ ಈ ಕೊರತೆಯನ್ನು ಅಳೆದು ಕಂಪ್ರೆಸರನ್ನು ಇನ್ನಷ್ಟು ವೇಗವಾಗಿ ತಿರುಗಿಸುವುದರಿಂದ, ಒಂದು ಮಿತಿಯವರೆಗೆ, ಮಂಗಳೂರಿನಲ್ಲಿದ್ದ ಎಳೆತವೇ ಸಕಲೇಶಪುರದಲ್ಲೂ ಉಳಿಯುತ್ತದೆ. ಎತ್ತರ ಹೆಚ್ಚಿದಂತೆ ರಸ್ತೆಯೂ ಕಡಿದಾಗುತ್ತದೆ, ಎಂಜಿನ್ ಸೊರಗುವ ಜಾಗದಲ್ಲೇ ಅದರಿಂದ ಹೆಚ್ಚು ಕೆಲಸ ಬೇಕಾಗುತ್ತದೆ. ಐದು ಜನ, ತುಂಬಿದ ಡಿಕ್ಕಿ, ಎಸಿ ಮತ್ತು ಸಂಪಾಜೆ ಘಾಟಿ ಇವೆಲ್ಲ ಒಟ್ಟಾದಾಗ 1.2 ಲೀಟರಿನ ಕಾರು ಎರಡನೇ ಗೇರಿನಲ್ಲಿ ಏದುಸಿರು ಬಿಡುವುದನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ.

ಆದರೆ ಇದೇ ಘಾಟಿಯಲ್ಲಿ ಟರ್ಬೊ ಎಂಜಿನ್ನಿಗೂ ಒಂದು ದುರ್ಬಲ ಜಾಗವಿದೆ. 1500 ಆರ್‌ಪಿಎಂಗಿಂತ ಕೆಳಗೆ ಟರ್ಬೊ ತಿರುಗಿಸುವಷ್ಟು ಹೊಗೆಯೇ ಬರುವುದಿಲ್ಲ. ಆಗ ಅದು ಬರಿಯ 1.0 ಲೀಟರಿನ, ಮೂರು ಸಿಲಿಂಡರಿನ ಎಂಜಿನ್. ಹೇರ್‌ಪಿನ್ ತಿರುವಿನಲ್ಲಿ ವೇಗ ಇಳಿದು, ಎರಡನೇ ಗೇರಿನಲ್ಲೇ ಏರಲು ಹೊರಟರೆ ಕಾರು ಒಂದು ಕ್ಷಣ ಅನುಮಾನಿಸಿ ಅನಂತರ ಒಮ್ಮೆಲೇ ಮುನ್ನುಗ್ಗುತ್ತದೆ. ಈ ತಡವನ್ನೇ ಟರ್ಬೊ ಲ್ಯಾಗ್ ಎನ್ನುವುದು. ಮೊದಲನೇ ಗೇರಿಗೆ ಇಳಿಯುವ ಅಭ್ಯಾಸವಿದ್ದರೆ ತೊಂದರೆ ಇಲ್ಲ, ಇಲ್ಲದವರಿಗೆ ಮೊದಲ ಕೆಲವು ಘಾಟಿಗಳು ಕಸಿವಿಸಿ ಉಂಟುಮಾಡುತ್ತವೆ.

ನಗರದ ದಟ್ಟಣೆಯಲ್ಲಿ ಈ ದುರ್ಬಲತೆ ದಿನನಿತ್ಯದ್ದಾಗುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ನಿಂತು ನಿಂತು ಸಾಗುವ ಕಾರು 1500 ಆರ್‌ಪಿಎಂ ದಾಟುವುದೇ ಕಡಿಮೆ. ಟರ್ಬೊಗೆ ಕೊಟ್ಟ ಹಣ ಅಲ್ಲಿ ಸುಮ್ಮನೆ ಕುಳಿತಿರುತ್ತದೆ, 1.2ರ ನಯವಾದ, ಊಹಿಸಬಹುದಾದ ಸ್ಪಂದನೆಯೇ ಹಿತವೆನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಇಂಥ ರಸ್ತೆಯಲ್ಲಿ ಎಂಜಿನ್ನಿಗಿಂತ ಗೇರ್‌ಬಾಕ್ಸಿನ ಆಯ್ಕೆಯೇ ದೊಡ್ಡದು. ಐ20 ಎನ್ ಲೈನ್‌ಗೆ ಬರುವ ಏಳು ವೇಗಗಳ ಡಿಸಿಟಿ, ಅಂದರೆ ಎರಡು ಕ್ಲಚ್‌ಗಳ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಒಣ ಕ್ಲಚ್‌ಗಳಿರುವುದರಿಂದ ತೆವಳುವ ದಟ್ಟಣೆಯಲ್ಲಿ ಅವು ಬಿಸಿಯಾಗುತ್ತವೆ, 1.2ಕ್ಕೆ ಬರುವ ಐವಿಟಿ, ಅಂದರೆ ಗೇರಿನ ಹಂತಗಳಿಲ್ಲದ ಸಿವಿಟಿ ಬಗೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ನೀವು ಕೇಳುವ ಮೊದಲೇ ಎಂಜಿನ್ನಿನ ಆರ್‌ಪಿಎಂ ಏರಿಸಿಕೊಳ್ಳುತ್ತದೆ. ಕಡಿಮೆ ಟಾರ್ಕಿನ ಎಂಜಿನ್ನಿನ ಬಡತನ ಮ್ಯಾನ್ಯುಯಲ್‌ನಲ್ಲಿ ಕಾಣುವಷ್ಟು ಅಲ್ಲಿ ಕಾಣುವುದಿಲ್ಲ.

(ಪರದೆಯ ಮೇಲೆ: 20.35 ಮತ್ತು 20.25)

ಮೈಲೇಜಿನ ವಿಷಯಕ್ಕೆ ಬರೋಣ. 2020ರಲ್ಲಿ ಐ20 ಬಿಡುಗಡೆಯಾದಾಗ ಕಂಪನಿ ಘೋಷಿಸಿದ ಅಂಕಿ 1.2 ಮ್ಯಾನ್ಯುಯಲ್‌ಗೆ ಲೀಟರಿಗೆ 20.35 ಕಿ.ಮೀ., ಟರ್ಬೊ ಡಿಸಿಟಿಗೆ 20.25 ಕಿ.ಮೀ. ಇದನ್ನು ನೋಡಿ ಎರಡೂ ಸಮ ಎಂದು ತೀರ್ಮಾನಿಸುವುದು ಸುಲಭ. ಆದರೆ ನಮ್ಮ ದೇಶದ ಅಧಿಕೃತ ಮೈಲೇಜ್ ಪರೀಕ್ಷೆಯ ಕ್ರಮದಲ್ಲಿ ಕಾರಿನ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ., ವೇಗ ಏರಿಸುವುದೂ ಬಹಳ ಮೆಲ್ಲಗೆ. ಅಷ್ಟು ಹಗುರವಾದ ಕೆಲಸದಲ್ಲಿ ಟರ್ಬೊ ಹೆಚ್ಚೇನೂ ದುಡಿಯುವುದಿಲ್ಲ, ಚಿಕ್ಕ ಎಂಜಿನ್ನಿನ ಮಿತವ್ಯಯವಷ್ಟೇ ಲೆಕ್ಕಕ್ಕೆ ಬರುತ್ತದೆ. ರಸ್ತೆಯಲ್ಲಿ ಕಾಲು ಒತ್ತಿ ಆ 172 ನ್ಯೂಟನ್ ಮೀಟರನ್ನು ಕೇಳಿದೊಡನೆ ಅದಕ್ಕೆ ತಕ್ಕ ಪೆಟ್ರೋಲ್ ಹೋಗುತ್ತದೆ. ತೀರಾ ಜೋರಾಗಿ ಓಡಿಸಿದಾಗ ಸಿಲಿಂಡರಿನ ಮತ್ತು ಟರ್ಬೊದ ಬಿಸಿಯನ್ನು ಹದ್ದುಬಸ್ತಿನಲ್ಲಿಡಲು ಎಂಜಿನ್ ಅಗತ್ಯಕ್ಕಿಂತ ತುಸು ಹೆಚ್ಚೇ ಪೆಟ್ರೋಲ್ ಚಿಮ್ಮಿಸುವುದುಂಟು. ಟರ್ಬೊ ಕಾರಿನ ಮೈಲೇಜ್ ಚಾಲಕನಿಂದ ಚಾಲಕನಿಗೆ ಬಹಳ ಬದಲಾಗುತ್ತದೆ, 1.2ರದ್ದು ಅಷ್ಟು ಬದಲಾಗುವುದಿಲ್ಲ. ಗಂಟೆಗೆ 80-90 ಕಿ.ಮೀ. ವೇಗದಲ್ಲಿ ಹೆದ್ದಾರಿಯಲ್ಲಿ ಸಮನಾಗಿ ಹೋಗುವವರಿಗೆ ಟರ್ಬೊ ಮೋಸ ಮಾಡುವುದಿಲ್ಲ. ಶೇ 20ರಷ್ಟು ಎಥೆನಾಲ್ ಬೆರೆಸಿದ E20 ಪೆಟ್ರೋಲಿನಲ್ಲಿ ಶಕ್ತಿಯ ಅಂಶ ಕಡಿಮೆ ಇರುವುದರಿಂದ ಎರಡರ ಮೈಲೇಜೂ ಇಳಿಯುತ್ತದೆ. ಆಯ್ಕೆಯ ಮಟ್ಟಿಗೆ ಅದು ದೊಡ್ಡ ವಿಷಯವಲ್ಲ.

ನಿರ್ವಹಣೆಯಲ್ಲಿ ಮಾತ್ರ ಅಂತರ ನಿಜವಾದದ್ದು. ಟರ್ಬೊದ ದಂಡ ನಿಮಿಷಕ್ಕೆ ಎರಡು ಲಕ್ಷ ಸುತ್ತಿನವರೆಗೂ ತಿರುಗಬಲ್ಲದು, ಅದನ್ನು ಕಾಯುವುದು ತೆಳ್ಳನೆಯ ಆಯಿಲ್ ಪದರ ಒಂದೇ. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಆಯಿಲ್ ಹಾಕಿಸುವುದು, ದಟ್ಟಣೆಯಲ್ಲೇ ಓಡುವ ಕಾರಾದರೆ ಹೇಳಿದ ಅವಧಿಗೂ ಮುಂಚೆ ಬದಲಿಸುವುದು, ಘಾಟಿ ಏರಿದ ಕೂಡಲೇ ಎಂಜಿನ್ ಆರಿಸದೆ ಒಂದು ನಿಮಿಷ ಹಾಗೇ ಬಿಡುವುದು ಇವು ಟರ್ಬೊ ಕೊಂಡವರಿಗೆ ಕಡ್ಡಾಯ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಚಿಮ್ಮಿಸುವ ಎಂಜಿನ್‌ಗಳಲ್ಲಿ, ಐ20 ಎನ್ ಲೈನ್‌ನದು ಅಂಥದ್ದೇ, ಒಳಬರುವ ಕವಾಟಗಳನ್ನು ಪೆಟ್ರೋಲ್ ತೊಳೆಯದ ಕಾರಣ ವರ್ಷಗಳು ಕಳೆದಂತೆ ಮಸಿ ಕಟ್ಟುತ್ತದೆ. ವಾರಂಟಿ ಮುಗಿದ ಮೇಲೆ ಟರ್ಬೊ ಕೆಟ್ಟರೆ ಬರುವ ಬಿಲ್ಲು ಪೆಟ್ರೋಲಿನಲ್ಲಿ ಉಳಿಸಿದ್ದನ್ನೆಲ್ಲ ಒಮ್ಮೆಗೇ ನುಂಗಬಲ್ಲದು. ಹತ್ತು ವರ್ಷ ಒಂದೇ ಕಾರು ಇಟ್ಟುಕೊಳ್ಳುವವರು, ಊರಿನ ಗ್ಯಾರೇಜಿನಲ್ಲೇ ಸರ್ವೀಸ್ ಮಾಡಿಸುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇಷ್ಟಾದ ಮೇಲೆ ನನ್ನ ತೀರ್ಪು ಹೀಗಿದೆ. ಕಾರು ಹೆಚ್ಚಾಗಿ ಊರೊಳಗೆ ಓಡುವುದಾದರೆ, ಒಬ್ಬಿಬ್ಬರೇ ಕೂರುವುದಾದರೆ, 1.2 ಲೀಟರಿನದನ್ನೇ ಕೊಳ್ಳಿ. ಉಳಿದ ಹಣದಲ್ಲಿ ಒಳ್ಳೆಯ ಆಟೊಮ್ಯಾಟಿಕ್ ಸಿಗುವುದಾದರೆ ಅದು ಹೆಚ್ಚು ಸುಖ ಕೊಡುತ್ತದೆ. ಮಲೆನಾಡು, ಕೊಡಗು, ಕರಾವಳಿಯ ನಡುವೆ ತಿಂಗಳಿಗೆ ಹಲವು ಬಾರಿ ತುಂಬಿದ ಕಾರಿನಲ್ಲಿ ಓಡಾಡುವವರಿಗೆ, ದ್ವಿಪಥ ಹೆದ್ದಾರಿಗಳಲ್ಲಿ ಲಾರಿ ಬಸ್ಸುಗಳನ್ನು ಹಿಂದೆ ಹಾಕುವುದೇ ನಿತ್ಯದ ಕೆಲಸವಾದವರಿಗೆ, ಟರ್ಬೊ ಐಷಾರಾಮವಲ್ಲ.

ಟೆಸ್ಟ್ ಡ್ರೈವ್ ಮಾಡುವಾಗ ಸೇಲ್ಸ್‌ನವರು ತೋರಿಸುವ ಖಾಲಿ ರಿಂಗ್ ರಸ್ತೆಯ ಸುತ್ತಿಗೆ ಒಪ್ಪಬೇಡಿ. ನಾಲ್ವರನ್ನು ಕೂರಿಸಿ, ಎಸಿ ಹಾಕಿ, ಹತ್ತಿರದ ಯಾವುದಾದರೂ ಏರಿನಲ್ಲಿ ಕಾರನ್ನು ಪೂರ್ತಿ ನಿಲ್ಲಿಸಿ ಮತ್ತೆ ಹೊರಡಿಸಿ. ಬಳಿಕ ಮೂರನೇ ಗೇರಿನಲ್ಲಿ ಗಂಟೆಗೆ 30 ಕಿ.ಮೀ. ವೇಗದಿಂದ ಕಾಲು ಒತ್ತಿ ನೋಡಿ. ಎರಡೂ ಎಂಜಿನ್‌ಗಳ ಸ್ವಭಾವ ಅಲ್ಲೇ ತಿಳಿಯುತ್ತದೆ. ಹಳೆಯ ಕಾರುಗಳ ಮಾರುಕಟ್ಟೆಯಲ್ಲಿ 2022ರಲ್ಲಿ ನಿಂತುಹೋದ ಫೋಕ್ಸ್‌ವ್ಯಾಗನ್ ಪೋಲೊ ಟಿಎಸ್‌ಐ ಅಥವಾ 2017ರಲ್ಲಿ ಬಂದ ಮಾರುತಿ ಬಲೆನೊ ಆರ್‌ಎಸ್‌ನಂಥ ಟರ್ಬೊ ಕಾರು ಹುಡುಕುತ್ತಿರುವವರು ಇನ್ನೊಂದು ಕೆಲಸ ಮಾಡಬೇಕು: ಓಡೋಮೀಟರ್ ನೋಡುವ ಮೊದಲು ಆಯಿಲ್ ಬದಲಿಸಿದ ಬಿಲ್ಲುಗಳನ್ನು ಒಂದೊಂದಾಗಿ ಕೇಳಿ, ತಣ್ಣಗಿರುವ ಎಂಜಿನ್ನನ್ನು ನಿಮ್ಮ ಎದುರೇ ಚಾಲೂ ಮಾಡಿಸಿ, ಸೈಲೆನ್ಸರಿನಿಂದ ನೀಲಿ ಹೊಗೆ ಬಂದರೆ ಬೆಲೆ ಎಷ್ಟೇ ಇಳಿಸಿದರೂ ಆ ಕಾರನ್ನು ಬಿಟ್ಟುಬಿಡಿ.