ಸತುವಿನ ಆಕ್ಸೈಡಿನೊಳಗಿನ ಜಲಜನಕ

ಕೇಳುಗರಿಗೆ ನಮಸ್ಕಾರ.

ಬೆವರುಸಾಲೆಗೆ ಹಚ್ಚಿಕೊಳ್ಳುವ ಕ್ಯಾಲಮೈನ್ ಲೋಷನ್ನಿನಲ್ಲಿಯೂ ಬಿಸಿಲಿನಲ್ಲಿ ಆಡುವ ಕ್ರಿಕೆಟಿಗರ ತುಟಿಯ ಮೇಲಿನ ಬಿಳಿಯ ಲೇಪದಲ್ಲಿಯೂ ಇರುವ ಸತುವಿನ ಆಕ್ಸೈಡ್, ಸಿಲಿಕಾನಿನಂತೆಯೇ ಒಂದು ಅರೆವಾಹಕ. ಬಂಧದಲ್ಲಿರುವ ಎಲೆಕ್ಟ್ರಾನು ಬಿಡುಗಡೆಗೊಂಡು ಹರಿದಾಡಲು ಸಿಲಿಕಾನಿನಲ್ಲಿ ಸುಮಾರು 1.1 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕಾದರೆ, ಇದರಲ್ಲಿ ಸುಮಾರು 3.4 ಬೇಕು. ಕೋಣೆಯ ಸಾಧಾರಣ ಉಷ್ಣತೆಯಿಂದ ಅಷ್ಟು ಶಕ್ತಿ ದೊರೆಯುವುದಿಲ್ಲವಾದ್ದರಿಂದ ಶುದ್ಧವಾದ ಹರಳಿನಲ್ಲಿ ವಿದ್ಯುತ್ತು ಹರಿಯಬಾರದು. ಆದರೂ, ಬೇಕೆಂದು ಏನನ್ನೂ ಬೆರೆಸದೆ ಬೆಳೆಸಿದ ಹರಳುಗಳಲ್ಲಿಯೂ ಅದು ಹರಿಯುತ್ತಿತ್ತು. ಆ ಎಲೆಕ್ಟ್ರಾನುಗಳು ಬಂದದ್ದು ಎಲ್ಲಿಂದ?

ಆಮ್ಲಜನಕದ ಪರಮಾಣುಗಳು ಬಿಟ್ಟುಹೋದ ಖಾಲಿ ಜಾಗಗಳಿಂದ ಎಂಬುದು ದಶಕಗಳ ಕಾಲ ಬಹುಮಂದಿ ಒಪ್ಪಿದ್ದ ಉತ್ತರ. ಸುತ್ತಲಿನ ಆಮ್ಲಜನಕದ ಒತ್ತಡ ತಗ್ಗಿದಷ್ಟೂ ಹರಳಿನ ವಾಹಕತೆ ಏರುತ್ತಿದ್ದುದೇ ಅದಕ್ಕೆ ಆಧಾರವಾಗಿತ್ತು. ಜಲಜನಕದಲ್ಲಿ ಕಾಯಿಸಿದರೆ ವಾಹಕತೆ ಹೆಚ್ಚುತ್ತದೆಂದು 1950ರ ದಶಕದಲ್ಲಿಯೇ ಪ್ರಯೋಗಗಳು ತೋರಿಸಿದ್ದರೂ ಆ ಸುಳಿವಿಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲವೆಂದೇ ನನ್ನ ಅಭಿಪ್ರಾಯ.

2000ದಲ್ಲಿ, ಆಗ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಭೌತವಿಜ್ಞಾನಿ ಕ್ರಿಸ್ ವಾನ್ ಡೆ ವಾಲೆ ಈ ಪ್ರಶ್ನೆಯನ್ನು ಗಣಕದ ಮುಂದಿಟ್ಟರು. ವಾಲ್ಟರ್ ಕೋನ್ ಮತ್ತು ಸಂಗಡಿಗರು 1964 ಮತ್ತು 1965ರಲ್ಲಿ ರೂಪಿಸಿದ, ಕೋನ್ ಅವರಿಗೆ 1998ರ ರಸಾಯನವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ತಂದ ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತವೇ ಇಲ್ಲಿನ ಸಾಧನ. ಒಂದೊಂದು ಎಲೆಕ್ಟ್ರಾನಿನ ಬೆನ್ನು ಹತ್ತದೆ, ಎಲ್ಲವೂ ಸೇರಿ ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದರಿಂದಲೇ ಹರಳಿನ ಒಟ್ಟು ಶಕ್ತಿಯನ್ನು ಈ ಸಿದ್ಧಾಂತ ಲೆಕ್ಕಹಾಕುತ್ತದೆ. ಹರಳಿನ ಒಂದು ತುಣುಕಿನಿಂದ ಆಮ್ಲಜನಕದ ಒಂದು ಪರಮಾಣುವನ್ನು ತೆಗೆದು, ಇಲ್ಲವೇ ಅದರೊಳಕ್ಕೆ ಜಲಜನಕದ ಒಂದು ಪರಮಾಣುವನ್ನು ಸೇರಿಸಿ, ಅದಕ್ಕೆ ತಗಲುವ ಶಕ್ತಿಯೆಷ್ಟೆಂದು ಲೆಕ್ಕ ಮಾಡಿದರೆ ಯಾವ ಬದಲಾವಣೆ ಸುಲಭವಾಗಿ ಉಂಟಾಗುತ್ತದೆ, ಯಾವುದು ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ ಎಂಬುದು ತಿಳಿಯುತ್ತದೆ. ಬೇರೆ ಅರೆವಾಹಕಗಳಲ್ಲಿ ಸಾಮಾನ್ಯವಾಗಿ ವಾಹಕತೆಯನ್ನು ಕುಗ್ಗಿಸುವ ಜಲಜನಕ, ಸತುವಿನ ಆಕ್ಸೈಡಿನಲ್ಲಿ ಮಾತ್ರ ಯಾವಾಗಲೂ ಎಲೆಕ್ಟ್ರಾನನ್ನು ಕೊಡುತ್ತದೆಂದು ಆ ಲೆಕ್ಕ ಹೇಳಿತು.

ಒಂದೇ ಎಲೆಕ್ಟ್ರಾನುಳ್ಳ ಜಲಜನಕ ಕ್ಷಕಿರಣಗಳಿಗೆ ಕಾಣಿಸುವುದೇ ಕಷ್ಟವಾದ್ದರಿಂದ, ಪ್ರೋಟಾನಿನ ಒಂಬತ್ತನೆಯ ಒಂದರಷ್ಟು ತೂಕದ, ಹರಳಿನೊಳಗೆ ಜಲಜನಕದಂತೆಯೇ ವರ್ತಿಸುವ ಮ್ಯೂಆನ್ ಕಣಗಳನ್ನು ಬಳಸಿ ಪ್ರಯೋಗಕಾರರು ಪರೀಕ್ಷಿಸಿದರು. ಸೆಕೆಂಡಿನ ಹತ್ತು ಲಕ್ಷದಲ್ಲಿ ಸುಮಾರು ಎರಡು ಪಾಲಿನಷ್ಟೇ ಬಾಳುವ ಆ ಕಣಗಳು 2001ರಲ್ಲಿ ಲೆಕ್ಕವನ್ನು ದೃಢಪಡಿಸಿದವು.

ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತಕ್ಕೂ ಮಿತಿಯುಂಟು, ಅದನ್ನು ಮುಚ್ಚಿಡುವುದು ಸರಿಯಲ್ಲ. ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ 3.4 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯನ್ನು ಅದರ ಸರಳ ರೂಪ ಸುಮಾರು 0.8 ಎಂದು ತೋರಿಸುತ್ತದೆ. ಆ ದೋಷವನ್ನು ತಿದ್ದಿ 2005ರಲ್ಲಿ ಆಂಡರ್ಸನ್ ಜಾನೊಟ್ಟಿ ಮತ್ತು ವಾನ್ ಡೆ ವಾಲೆ ಮಾಡಿದ ಲೆಕ್ಕದಲ್ಲಿ, ಆಮ್ಲಜನಕದ ಖಾಲಿ ಜಾಗ ತನ್ನ ಎಲೆಕ್ಟ್ರಾನುಗಳನ್ನು ಕೋಣೆಯ ಉಷ್ಣತೆಯಲ್ಲಿ ಬಿಟ್ಟುಕೊಡದಷ್ಟು ಬಿಗಿಯಾಗಿ ಹಿಡಿದಿರುತ್ತದೆಂದು ಕಂಡುಬಂದಿತು.

ಹಾಗಾದರೆ ಆಮ್ಲಜನಕದ ಒತ್ತಡಕ್ಕೂ ವಾಹಕತೆಗೂ ಇದ್ದ ಹಳೆಯ ನಂಟಿನ ಗತಿಯೇನು? 2007ರಲ್ಲಿ ಇವರಿಬ್ಬರೇ ಅದನ್ನೂ ವಿವರಿಸಿದರು. ಜಲಜನಕವು ಆಮ್ಲಜನಕ ಕೂರಬೇಕಾದ ಸ್ಥಾನದಲ್ಲಿಯೇ ಕುಳಿತು, ಸುತ್ತಲಿನ ನಾಲ್ಕೂ ಸತುವಿನ ಪರಮಾಣುಗಳೊಡನೆ ಏಕಕಾಲಕ್ಕೆ ಬಂಧ ಬೆಸೆದು, ಎಲೆಕ್ಟ್ರಾನನ್ನು ಬಿಟ್ಟುಕೊಡಬಲ್ಲದು. ಸುತ್ತ ಆಮ್ಲಜನಕ ಕಡಿಮೆಯಿದ್ದಷ್ಟೂ ಅಂಥ ಸ್ಥಾನಗಳು ಹೆಚ್ಚು ತೆರವಾಗುತ್ತವೆ, ಜಲಜನಕಕ್ಕೆ ಹೆಚ್ಚು ಎಡೆ ಸಿಗುತ್ತದೆ. ಖಾಲಿ ಜಾಗದ ಪರವಾಗಿ ದಶಕಗಳ ಕಾಲ ಸಾಕ್ಷಿಯೆನಿಸಿದ್ದ ಅಳತೆಯೇ ಜಲಜನಕಕ್ಕೂ ಅಷ್ಟೇ ಚೆನ್ನಾಗಿ ಒಪ್ಪಿತು.