ಕಾಣುವ ಕಾಯಿಲೆ, ಕೇಳಿಸುವ ಕಾಯಿಲೆ

ಕೇಳುಗರೆಲ್ಲರಿಗೂ ನಮಸ್ಕಾರ. ನಾನು ಮನೋವೈದ್ಯ. ಆದರೂ ಇವತ್ತು ಸಿನಿಮಾ ಬಗ್ಗೆ ಮಾತಾಡುತ್ತೇನೆ. ಯಾಕೆಂದರೆ ನನ್ನ ಹತ್ತಿರ ಬರುವವರು ಕಾಯಿಲೆ ಬಗ್ಗೆ ತಿಳಿದುಕೊಂಡಿರುವುದು ಡಾಕ್ಟರಿಂದಲ್ಲ, ಸಿನಿಮಾದಿಂದ.

2001ರಲ್ಲಿ 'ಎ ಬ್ಯೂಟಿಫುಲ್ ಮೈಂಡ್' ಅಂತ ಒಂದು ಇಂಗ್ಲಿಷ್ ಸಿನಿಮಾ ಬಂತು. ನಾಲ್ಕು ಆಸ್ಕರ್ ಗೆದ್ದಿತು. ಜಾನ್ ನ್ಯಾಶ್ ಎಂಬ ಅಮೆರಿಕದ ಗಣಿತಜ್ಞರ ಕಥೆ ಅದು. ಕಟ್ಟುಕಥೆಯ ಮನುಷ್ಯ ಅಲ್ಲ, 1994ರಲ್ಲಿ ಅರ್ಥಶಾಸ್ತ್ರಕ್ಕೆ ನೊಬೆಲ್ ಪಡೆದವರು. ಮೂವತ್ತರ ಆಸುಪಾಸಿನಲ್ಲಿ ಅವರಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ್ದು ಇದ್ದಂತೆ ಅನಿಸುವ ಮನಸ್ಸಿನ ಕಾಯಿಲೆ, ಶುರುವಾಗಿತ್ತು.

ಸಿನಿಮಾದಲ್ಲಿ ನ್ಯಾಶ್‌ಗೆ ಒಬ್ಬ ರೂಮ್‌ಮೇಟ್ ಇರುತ್ತಾನೆ. ಒಂದು ಪುಟ್ಟ ಹುಡುಗಿ, ಜೊತೆಗೊಬ್ಬ ಟೋಪಿ ಹಾಕಿದ ಗೂಢಚಾರ ಅಧಿಕಾರಿ. ಸುಮಾರು ಹೊತ್ತಾದ ಮೇಲೆ ನಮಗೆ ಗೊತ್ತಾಗುತ್ತದೆ, ಮೂವರೂ ಇಲ್ಲವೇ ಇಲ್ಲ! ಥಿಯೇಟರಿನಲ್ಲಿ ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ನಿಜವಾದ ನ್ಯಾಶ್‌ಗೆ ಈ ಮೂವರಲ್ಲಿ ಒಬ್ಬರೂ ಕಂಡಿರಲಿಲ್ಲ. ದಿನಪತ್ರಿಕೆಯಲ್ಲಿ ಬೇರೆ ಲೋಕದವರು ತನಗೆ ಗುಟ್ಟಾಗಿ ಸಂದೇಶ ಕಳಿಸುತ್ತಿದ್ದಾರೆ ಅಂತ ಅವರು ನಂಬಿದ್ದರು. ಆಮೇಲಾಮೇಲೆ ಧ್ವನಿಗಳು ಕೇಳಿಸತೊಡಗಿದವು. ಪೇಪರ್ ಹಿಡಿದು ಸುಮ್ನೆ ಕೂತ ಮನುಷ್ಯನನ್ನು ಎರಡು ಗಂಟೆ ತೋರಿಸಿದರೆ ಯಾರು ಟಿಕೆಟ್ ತಗೊಳ್ಳುತ್ತಾರೆ? ಅದಕ್ಕೇ ಕೇಳಿಸುವ ಕಾಯಿಲೆಯನ್ನು ಕಾಣುವ ಕಾಯಿಲೆ ಮಾಡಿಬಿಟ್ಟರು.

ಇದರಿಂದ ಏನಾಗುತ್ತದೆ, ಹೇಳುತ್ತೇನೆ. ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಇಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದ. ಒಳಗೆ ಬಂದವನೇ ಮೊದಲು ಮಾಡಿದ ಕೆಲಸ, ನನ್ನ ಕೋಣೆಯ ಫ್ಯಾನ್ ಆಫ್ ಮಾಡಿದ್ದು. ಏಪ್ರಿಲ್ ತಿಂಗಳು, ಬೆವರು ಇಳಿಯುತ್ತಿದೆ. ಯಾಕಪ್ಪಾ ಅಂದೆ. ಮಾತಿಲ್ಲ. ತಾಯಿಯೇ ಹೇಳಿದರು: "ಮನೇಲೂ ಹೀಗೇ ಸಾರ್. ಫ್ಯಾನ್ ಹಾಕೋಕೇ ಬಿಡಲ್ಲ." ಎಷ್ಟು ದಿನದಿಂದ ಅಂದರೆ, ಹಿಂದಿನ ದೀಪಾವಳಿಯಿಂದ! ಇಷ್ಟು ದಿನ ಯಾಕಮ್ಮ ಬರಲಿಲ್ಲ ಅಂತ ಕೇಳಿದೆ. ಸ್ವಲ್ಪ ಗದರಿಸಿದ ಹಾಗೇ ಕೇಳಿದೆ ಅನ್ನಿ. ಆಕೆ ಹೇಳಿದರು: "ಹಿರೀ ಮಗ ಆ ಸಿನಿಮಾ ತೋರಿಸಿದ್ದ ಸಾರ್. ಇವನಿಗೆ ಹಂಗೆ ಯಾರೂ ಕಾಣ್ಸಲ್ಲ. ನಾನೇ ದಿನಾ ಕೇಳ್ತಿದ್ದೆ, ಯಾರಾದ್ರೂ ಕಾಣ್ತಾರೇನೋ ಅಂತ. ಇಲ್ಲ ಅಂತಿದ್ದ. ಸದ್ಯ, ಆ ಕಾಯಿಲೆ ಅಲ್ಲ ಅಂದ್ಕೊಂಡ್ವಿ."

ನಾನು ಹುಡುಗನ ಪಕ್ಕ ಕೂತು ಒಂದೇ ಪ್ರಶ್ನೆ ಕೇಳಿದೆ. ಫ್ಯಾನ್ ಏನನ್ನುತ್ತೆ? ತಲೆ ಎತ್ತಿ ನೋಡಿದ. "ನನ್ನ ಹೆಸರು ಹಿಡಿದು ಬೈಯುತ್ತೆ" ಅಂದ. ಆರು ತಿಂಗಳಲ್ಲಿ ಯಾರೂ ಅವನನ್ನು ಇದನ್ನು ಕೇಳಿರಲಿಲ್ಲ, ನೋಡಿ. ಎಲ್ಲರೂ ಕೇಳಿದ್ದು ಕಾಣುತ್ತಾ, ಕಾಣುತ್ತಾ ಅಂತಲೇ. ಈ ಕಾಯಿಲೆ ಜಾಸ್ತಿ ಕಿವಿಗೆ ಬರುತ್ತೆ ಸ್ವಾಮಿ, ಕಣ್ಣಿಗಲ್ಲ!

ಸಮಯ ಆಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ.

ಸಿನಿಮಾದ ಕೊನೆಯಲ್ಲಿ ನ್ಯಾಶ್ ತಾನು ಹೊಸ ಮಾತ್ರೆ ತಗೊಳ್ಳುತ್ತಿದ್ದೇನೆ ಅನ್ನುತ್ತಾರೆ. ಅದು ನಿಜವಲ್ಲ. 1970ರ ನಂತರ ಅವರು ಮಾತ್ರೆ ಮುಟ್ಟಲಿಲ್ಲ. ಸಿನಿಮಾ ನೋಡಿ ಜನ ಮಾತ್ರೆ ಬಿಟ್ಟಾರು ಎಂಬ ಭಯಕ್ಕೆ ಆ ಮಾತು ಸೇರಿಸಿದರಂತೆ. ಈ ಸುಳ್ಳಿನ ಮೇಲೆ ನನಗೆ ಸಿಟ್ಟಿಲ್ಲ. ನ್ಯಾಶ್ ಬಿಟ್ಟರು ಅಂತ ನೀವು ಬಿಡಬೇಡಿ, ಅಷ್ಟೇ.

ಇನ್ನು ಹೆಂಡತಿ ಅಲಿಸಿಯಾ. ಸಿನಿಮಾದಲ್ಲಿ ಆಕೆ ಗಂಡನ ಕೈ ಬಿಡುವುದೇ ಇಲ್ಲ. ನಿಜದಲ್ಲಿ 1963ರಲ್ಲಿ ವಿಚ್ಛೇದನ ಆಗಿತ್ತು. 1970ರಲ್ಲಿ ಆಕೆಯೇ ಅವರನ್ನು ಮತ್ತೆ ಮನೆಗೆ ಸೇರಿಸಿಕೊಂಡು ಊಟ, ವಸತಿ ಕೊಟ್ಟರು. ಸಿನಿಮಾ ಬಂದ 2001ರಲ್ಲೇ ಇಬ್ಬರೂ ಮತ್ತೆ ಮದುವೆಯಾದರು. ಸಾಕಾಗಿ ದೂರ ಹೋಗಿ ಮತ್ತೆ ಬಂದ ಹೆಂಗಸಿನ ಈ ಕಥೆ ಎಷ್ಟು ಚೆನ್ನಾಗಿದೆ, ಅದನ್ನೇ ಬಿಟ್ಟುಬಿಟ್ಟರಲ್ಲ!

ನಿಮ್ಮ ಮನೆಯಲ್ಲಿ ಯಾರಾದರೂ ಒಬ್ಬರೇ ಗೊಣಗುತ್ತಿದ್ದರೆ, ಕಿವಿ ಮುಚ್ಚಿಕೊಳ್ಳುತ್ತಿದ್ದರೆ, ಕಾಣುತ್ತಾ ಅಂತ ಕೇಳಬೇಡಿ. ಏನಾದರೂ ಕೇಳಿಸುತ್ತಾ ಅಂತ ಕೇಳಿ. ಹೂಂ ಅಂದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಸರ್ಕಾರದ ಸಹಾಯವಾಣಿ. ದುಡ್ಡು ಕೊಡಬೇಕಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ನಮಸ್ಕಾರ.