ಯಾರ್ಕ್‌ನ ರೌನ್‌ಟ್ರೀ ಮನೆತನ: ದಾನ ಕೊಟ್ಟ ದುಡ್ಡು ಬಂದ ದಾರಿ

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡೋಕೆ ಹೊರಟಿರೋದು ಇಂಗ್ಲೆಂಡಿನ ಯಾರ್ಕ್ ಅನ್ನೋ ಹಳೇ ಊರಿನ ಒಂದು ಮನೆತನದ ಬಗ್ಗೆ, ರೌನ್‌ಟ್ರೀ ಅಂತ. ಹೆಸರು ಕೇಳಿಲ್ಲ ಅನ್ನೋರೂ ಅವರ ಫ್ಯಾಕ್ಟರಿಯಲ್ಲಿ 1935ರಲ್ಲಿ ಶುರುವಾದ ಕಿಟ್‌ಕ್ಯಾಟ್ ತಿಂದೇ ಇರ್ತೀರಿ. ಆದ್ರೆ ಇಂಗ್ಲೆಂಡಲ್ಲಿ ಬಡತನದ ಬಗ್ಗೆ, ಬಡವರ ಮನೆಗಳ ಬಗ್ಗೆ ಕೆಲಸ ಮಾಡೋರಿಗೆ ಈ ಹೆಸರು ಚಾಕಲೇಟಿಗಿಂತ ದಾನಕ್ಕೇ ಜಾಸ್ತಿ ಪರಿಚಯ, ಯಾಕಂದ್ರೆ ಜೋಸೆಫ್ ರೌನ್‌ಟ್ರೀ ಅನ್ನೋರು 1904ರಲ್ಲಿ ತಮ್ಮ ಆಸ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧವನ್ನ ಮೂರು ಟ್ರಸ್ಟ್‌ಗಳಿಗೆ ಬರೆದುಕೊಟ್ಟರು, ಆ ಮೂರೂ ಇವತ್ತಿಗೂ ನಡೀತಿವೆ.

ಆ ವರ್ಷ ಡಿಸೆಂಬರ್‌ನಲ್ಲಿ ಟ್ರಸ್ಟಿಗಳಿಗೆ ಅಂತ ಅವರೊಂದು ಟಿಪ್ಪಣಿ ಬರೆದಿಟ್ಟರು. ಅದರಲ್ಲಿರೋ ಒಂದು ಮಾತು ನನಗೆ ತುಂಬಾ ಮುಖ್ಯ. ಯಾರ್ಕ್‌ನಲ್ಲಿ ಬಡವರಿಗೆ ಸೂಪ್ ಹಂಚೋ ಜಾಗಕ್ಕೆ ದುಡ್ಡು ಕೊಡೋರಿಗೆ ಯಾವತ್ತೂ ಬರ ಇಲ್ಲ, ಆದ್ರೆ ಬಡತನ ಎಷ್ಟಿದೆ, ಯಾಕಿದೆ ಅಂತ ವಿಚಾರಣೆ ಮಾಡ್ತೀವಿ ಅಂದ್ರೆ ಯಾರೂ ಮುಂದೆ ಬರಲ್ಲ ಅನ್ನೋ ಅರ್ಥದ ಮಾತು. ಅಂದ್ರೆ ಮೇಲಿನ ಲಕ್ಷಣಕ್ಕೆ ಮದ್ದು ಕೊಟ್ಟು ಸುಮ್ಮನಾಗಬೇಡಿ, ಕಾರಣ ಹುಡುಕಿ ಅಂತ ಹೇಳಿದ ಮನುಷ್ಯ ಇವರು. ಹಾಗಾದ್ರೆ ಅವರ ಸಂಪತ್ತಿನ ಕಾರಣವನ್ನೂ ನಾವು ಅಷ್ಟೇ ಗಟ್ಟಿಯಾಗಿ ಹುಡುಕಬೇಕು, ಅದರಿಂದ ಅವರಿಗೆ ಅವಮಾನ ಆಗಲ್ಲ, ಅವರು ಹಾಕಿಕೊಟ್ಟ ದಾರಿಯಲ್ಲೇ ನಡೆದ ಹಾಗಾಗುತ್ತೆ ಅಂತ ನಾನು ನಂಬಿದೀನಿ.

ಮೊದಲು ವಂಶ. ಇವರ ವಂಶಾವಳಿ ಹುಡುಕೋದು ಬೇರೆ ಇಂಗ್ಲಿಷ್ ಕುಟುಂಬಗಳಿಗಿಂತ ಸುಲಭವೂ ಹೌದು, ತೊಡಕೂ ಹೌದು. ಇವರು ಕ್ವೇಕರ್ ಅನ್ನೋ ಕ್ರೈಸ್ತ ಪಂಗಡದವರು. ಪಾದ್ರಿ ಇಲ್ಲ, ದೀಕ್ಷಾಸ್ನಾನ ಇಲ್ಲ, ಹಾಗಾಗಿ ಊರ ಚರ್ಚಿನ ದಾಖಲೆ ಪುಸ್ತಕದಲ್ಲಿ ಇವರ ಮಕ್ಕಳ ಹೆಸರು ಹುಡುಕಿದ್ರೆ ಸಿಗೋದು ಕಷ್ಟ. ಅದರ ಬದಲು ಕ್ವೇಕರ್ ಸಭೆಗಳೇ ಹುಟ್ಟು, ಮದುವೆ, ಸಾವು ಎಲ್ಲಾ ಬಹಳ ಶ್ರದ್ಧೆಯಿಂದ ಬರೆದಿಡ್ತಿದ್ರು, ಆ ಹಳೇ ಪುಸ್ತಕಗಳು ಈಗ ಲಂಡನ್ ಹತ್ತಿರದ ಕ್ಯೂ ಅನ್ನೋ ಜಾಗದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಮದುವೆ ಪತ್ರಕ್ಕೆ ಬಂದವರೆಲ್ಲಾ ಸಾಕ್ಷಿ ಸಹಿ ಹಾಕ್ತಿದ್ರು, ಆದ್ದರಿಂದ ಒಂದು ಮದುವೆ ಪತ್ರ ಸಿಕ್ಕಿದ್ರೆ ಇಡೀ ಬಂಧುಬಳಗವೇ ಸಿಕ್ಕಿದ ಹಾಗೆ. ತೊಡಕು ಎಲ್ಲಿ ಅಂದ್ರೆ ಇವರು ಜನವರಿ, ಮಾರ್ಚ್ ಅಂತ ಬರೀತಿರ್ಲಿಲ್ಲ, ಆ ಹೆಸರುಗಳು ಅನ್ಯದೇವರುಗಳದ್ದು ಅಂತ, ಒಂದನೇ ತಿಂಗಳು ಎರಡನೇ ತಿಂಗಳು ಅಂತ ನಂಬರ್ ಹಾಕ್ತಿದ್ರು, ಮೇಲಾಗಿ 1752ಕ್ಕಿಂತ ಮುಂಚೆ ಇಂಗ್ಲೆಂಡಲ್ಲಿ ಹೊಸ ವರ್ಷ ಮಾರ್ಚ್‌ನಲ್ಲಿ ಶುರುವಾಗ್ತಿತ್ತು, ಅದು ಗೊತ್ತಿಲ್ದೆ ಒಂದನೇ ತಿಂಗಳು ಅಂದ್ರೆ ಜನವರಿ ಅಂದ್ಕೊಂಡು ಓದಿದ್ರೆ ಲೆಕ್ಕವೆಲ್ಲಾ ತಪ್ಪಿಹೋಗುತ್ತೆ.

ಈ ದಾಖಲೆ ಹಿಡಿದು ಹೋದ್ರೆ ಸ್ಕಾರ್ಬರೊ ಅನ್ನೋ ಕಡಲತೀರದ ಊರಲ್ಲಿ ಜಾನ್ ರೌನ್‌ಟ್ರೀ ಅನ್ನೋ ದಿನಸಿ ಅಂಗಡಿಯವರು ಸಿಗ್ತಾರೆ. ಅವರ ಮಗ ಜೋಸೆಫ್, ಇವರನ್ನ ಹಿರಿಯ ಜೋಸೆಫ್ ಅನ್ನೋಣ, 1801ರಲ್ಲಿ ಹುಟ್ಟಿ 1822ರಲ್ಲಿ ಯಾರ್ಕ್‌ಗೆ ಬಂದು ಪೇವ್‌ಮೆಂಟ್ ಅನ್ನೋ ಬೀದಿಯಲ್ಲಿ ದಿನಸಿ ಅಂಗಡಿ ಹಾಕಿದ್ರು. ದಾನಿ ಜೋಸೆಫ್ ಇವರ ಮಗ, ಹುಟ್ಟಿದ್ದು 1836ರಲ್ಲಿ. ಹದಿನಾಲ್ಕನೇ ವಯಸ್ಸಲ್ಲಿ, 1850ರಲ್ಲಿ, ಅಪ್ಪ ಇವರನ್ನ ಐರ್ಲೆಂಡಿಗೆ ಕರ್ಕೊಂಡು ಹೋಗಿದ್ರು, ಅಲ್ಲಿ ಆಲೂಗಡ್ಡೆ ಕ್ಷಾಮ ಮಾಡಿದ ನಾಶವನ್ನ ಹುಡುಗ ಕಣ್ಣಾರೆ ಕಂಡ. ಮುಂದೆ ಬಡತನದ ಅಂಕಿಅಂಶ ಹಿಡ್ಕೊಂಡು ಜೀವನಪೂರ್ತಿ ಕೂತದ್ದಕ್ಕೆ ಇದೇ ಬೀಜ ಅಂತ ಬಹಳ ಜನ ಹೇಳ್ತಾರೆ, ನನಗೂ ಹಾಗೇ ಅನ್ಸುತ್ತೆ.

ಕ್ವೇಕರ್‌ಗಳು ಯಾಕೆ ಇಷ್ಟು ಜನ ವ್ಯಾಪಾರಕ್ಕೇ ಇಳಿದ್ರು ಅಂತ ಕೇಳಬಹುದು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಬಾಗಿಲು 1871ರ ಕಾಯ್ದೆ ಬರೋ ತನಕ ಇವರಂಥವರಿಗೆ ಪೂರ್ತಿ ತೆರೆದಿರ್ಲಿಲ್ಲ, ಪ್ರಮಾಣವಚನ ತಗೊಳಲ್ಲ ಅಂತಿದ್ದರಿಂದ ಎಷ್ಟೋ ಹುದ್ದೆಗಳೂ ಇಲ್ಲ, ಯುದ್ಧ ಪಾಪ ಅನ್ನೋರಿಗೆ ಸೈನ್ಯದ ಮಾತಂತೂ ಬಂದೇ ಇಲ್ಲ. ಉಳಿದದ್ದು ಅಂಗಡಿ, ಬ್ಯಾಂಕು, ಕಾರ್ಖಾನೆ. ಪಂಗಡದ ಹೊರಗೆ ಮದುವೆಯಾದ್ರೆ ಹೊರಗೆ ಹಾಕ್ತಿದ್ರು, ಹಾಗಾಗಿ ದುಡ್ಡು, ಸಾಲ, ಅಪ್ರೆಂಟಿಸ್‌ಗಿರಿ ಎಲ್ಲಾ ಅದೇ ನಾಲ್ಕಾರು ಮನೆತನಗಳ ಒಳಗೇ ಸುತ್ತುತಿತ್ತು. ಬರ್ಮಿಂಗ್‌ಹ್ಯಾಮ್‌ನ ಜಾರ್ಜ್ ಕ್ಯಾಡ್‌ಬರಿ ಹುಡುಗನಾಗಿದ್ದಾಗ ಕೆಲಸ ಕಲಿತದ್ದು ಇದೇ ಪೇವ್‌ಮೆಂಟ್ ಅಂಗಡಿಯಲ್ಲಿ. ದಾನಿ ಜೋಸೆಫ್ ಮೊದಲು ಮದುವೆಯಾಗಿದ್ದು ಜರ್ಮನ್ ಮೂಲದ ಸೀಬೋಮ್ ಕುಟುಂಬದ ಜೂಲಿಯಾ ಅವರನ್ನ, 1863ರಲ್ಲಿ ಆಕೆ ತೀರಿಕೊಂಡ್ರು, ಆಮೇಲೆ 1867ರಲ್ಲಿ ಆಕೆಯದ್ದೇ ದೊಡ್ಡಪ್ಪ ಚಿಕ್ಕಪ್ಪನ ಕಡೆಯ ಸಂಬಂಧದ ಆಂಟೊನೆಟ್ ಅವರನ್ನ. ನಮ್ಮ ಕಡೆಯವರಿಗೆ ಇದೇನೂ ಆಶ್ಚರ್ಯದ ವಿಷಯ ಅಲ್ಲ ಬಿಡಿ.

ಈಗ ಸಂಪತ್ತು. ಇಲ್ಲಿ ವಂಶಾವಳಿ ಒಂದೇ ಹಿಡ್ಕೊಂಡು ಹೋದ್ರೆ ದಾರಿ ತಪ್ಪುತ್ತೆ, ಯಾಕಂದ್ರೆ ರೌನ್‌ಟ್ರೀ ಕೋಕೋ ಶುರುವಾಗಿದ್ದು ರೌನ್‌ಟ್ರೀ ಮನೆಯಲ್ಲಲ್ಲ, ಟ್ಯೂಕ್ ಅನ್ನೋ ಇನ್ನೊಂದು ಕ್ವೇಕರ್ ಮನೆಯಲ್ಲಿ. 1725ರಲ್ಲಿ ಮೇರಿ ಟ್ಯೂಕ್ ಅನ್ನೋ ಒಂಟಿ ಹೆಣ್ಣುಮಗಳು ಯಾರ್ಕ್‌ನಲ್ಲಿ ದಿನಸಿ ಅಂಗಡಿ ಇಟ್ರು, ಊರಿನ ವರ್ತಕರ ಸಂಘದವರು ನಿನಗೆ ಪರವಾನಗಿ ಇಲ್ಲ ಅಂತ ವರ್ಷಗಟ್ಟಲೆ ಕಾಟ ಕೊಟ್ರೂ ಆಕೆ ಬಾಗಿಲು ಹಾಕಲಿಲ್ಲ. ಅದು ತಮ್ಮನ ಮಗ ವಿಲಿಯಂ ಟ್ಯೂಕ್‌ಗೆ ಬಂತು, ಮಾನಸಿಕ ರೋಗಿಗಳನ್ನ ಸರಪಳಿಯಲ್ಲಿ ಕಟ್ಟಿಹಾಕದೆ ಮನುಷ್ಯರ ಹಾಗೆ ನೋಡ್ಕೊಳ್ಳೋ ರಿಟ್ರೀಟ್ ಆಸ್ಪತ್ರೆಯನ್ನ 1796ರಲ್ಲಿ ತೆರೆದವರು ಇವರೇ. 1862ರಲ್ಲಿ ಟ್ಯೂಕ್‌ಗಳ ಕೋಕೋ ವ್ಯವಹಾರವನ್ನ ಜೋಸೆಫ್‌ರ ತಮ್ಮ ಹೆನ್ರಿ ಐಸಾಕ್ ಕೊಂಡುಕೊಂಡ್ರು, ಅದು ಸರಿಯಾಗಿ ನಡೀದೆ ಒದ್ದಾಡ್ತಿದ್ದಾಗ 1869ರಲ್ಲಿ ಜೋಸೆಫ್ ಸೇರಿಕೊಂಡು ಲೆಕ್ಕಪತ್ರ ಕೈಗೆ ತಗೊಂಡ್ರು.

ಫ್ರಾನ್ಸಿನಿಂದ ಬಂದ ಒಬ್ಬ ಮಿಠಾಯಿ ತಯಾರಕರ ಕೈಚಳಕದಿಂದ 1881ರಲ್ಲಿ ಹಣ್ಣಿನ ಪ್ಯಾಸ್ಟಿಲ್, ಅಂದ್ರೆ ಹಣ್ಣಿನ ರುಚಿಯ ಸಣ್ಣ ಮಿಠಾಯಿ, ಬಂತು, ಕಂಪನಿ ಉಸಿರಾಡ್ತು. 1890ರಲ್ಲಿ ಹ್ಯಾಕ್ಸ್‌ಬಿ ರಸ್ತೆಯಲ್ಲಿ ದೊಡ್ಡ ಜಾಗ, 1897ರಲ್ಲಿ ಲಿಮಿಟೆಡ್ ಕಂಪನಿ, 1906ರ ಹೊತ್ತಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಕೆಲಸಗಾರರು. ಇನ್ನೊಂದು ವಿಷಯ, 1872ರಲ್ಲಿ ಜೋಸೆಫ್ ಲಂಡನ್ನಿಗೆ ಹೋಗಿ ಪ್ರತಿಸ್ಪರ್ಧಿ ಕಂಪನಿಗಳ ಕೆಲಸಗಾರರನ್ನ ಕರೆಸಿ ದುಡ್ಡು ಕೊಟ್ಟು ಅವರ ತಯಾರಿಕೆಯ ಗುಟ್ಟುಗಳನ್ನ ಕೇಳಿ ಬರ್ಕೊಂಡಿದ್ರು. ಸಂತನ ಚಿತ್ರ ಬರೆಯೋರು ಇದನ್ನ ಬಿಟ್ಟುಬಿಡ್ತಾರೆ, ಬಿಡಬಾರದು.

ಆದ್ರೆ ನಿಜವಾದ ಪ್ರಶ್ನೆ ಫ್ಯಾಕ್ಟರಿ ಗೋಡೆ ಆಚೆ ಇದೆ. ಸಕ್ಕರೆ ಯಾರು ಬೆಳೆದ್ರು, ಕೋಕೋ ಯಾರು ಬೆಳೆದ್ರು?

ಬ್ರಿಟನ್ನಿನ ಶ್ರೀಮಂತ ಕುಟುಂಬಕ್ಕೂ ಗುಲಾಮಗಿರಿಗೂ ಇರೋ ನಂಟು ಹುಡುಕೋರು ಈಗ ಮೊದಲು ನೋಡೋದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಮಾಡಿಟ್ಟಿರೋ ಡೇಟಾಬೇಸನ್ನ. 1833ರ ಕಾಯ್ದೆಯಿಂದ ಗುಲಾಮಗಿರಿ ರದ್ದು ಮಾಡಿದಾಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಡ್ತು, ಗುಲಾಮರಾಗಿದ್ದವರಿಗಲ್ಲ, ಅವರ ಮಾಲೀಕರಿಗೆ. ಆ ಕ್ಲೇಮುಗಳ ಪಟ್ಟಿಯೇ ಅದರ ಆಧಾರ. ಬಹಳ ಒಳ್ಳೆ ಕೆಲಸ ಅದು, ಆದ್ರೆ ಅದರ ಬಲೆಗೆ ಬೀಳೋದು ಮಾಲೀಕರು, ಸಾಲ ಕೊಟ್ಟವರು, ಒಡವೆ ಆಸ್ತಿ ಹಂಚಿಕೊಂಡ ವಾರಸುದಾರರು. ದಿನಸಿ ಅಂಗಡಿಯವರು ಬೀಳಲ್ಲ. 1822ರಲ್ಲಿ ಪೇವ್‌ಮೆಂಟ್ ಅಂಗಡಿ ತೆರೆದಾಗ ವೆಸ್ಟ್ ಇಂಡೀಸ್‌ನಲ್ಲಿ ಗುಲಾಮಗಿರಿ ಇನ್ನೂ ಕಾನೂನುಬದ್ಧ, ಇಂಗ್ಲೆಂಡಿನ ಅಂಗಡಿಗಳಿಗೆ ಬರ್ತಿದ್ದ ಸಕ್ಕರೆ ಬಹುಪಾಲು ಅಲ್ಲಿಂದಲೇ. 1838ಕ್ಕೆ ಅಲ್ಲಿ ಪೂರ್ತಿ ಬಿಡುಗಡೆ ಆಯ್ತು ಸರಿ, ಆದ್ರೆ 1846ರ ಕಾಯ್ದೆ ಬ್ರಿಟಿಷ್ ವಸಾಹತುಗಳ ಸಕ್ಕರೆಗೂ ಹೊರದೇಶದ ಸಕ್ಕರೆಗೂ ಇದ್ದ ಸುಂಕದ ವ್ಯತ್ಯಾಸ ಹಂತಹಂತವಾಗಿ ತೆಗೀತು, ಕ್ಯೂಬಾ, ಬ್ರೆಜಿಲ್‌ನ ಅಗ್ಗದ ಸಕ್ಕರೆ ಒಳಗೆ ಬಂತು, ಆ ದೇಶಗಳಲ್ಲಿ ಗುಲಾಮಗಿರಿ ನಿಂತದ್ದು 1886 ಮತ್ತು 1888ರಲ್ಲಿ. ಕ್ವೇಕರ್‌ಗಳು 1783ರಲ್ಲೇ ಗುಲಾಮ ವ್ಯಾಪಾರದ ವಿರುದ್ಧ ಪಾರ್ಲಿಮೆಂಟಿಗೆ ಅರ್ಜಿ ಕೊಟ್ಟವರು. ಅರ್ಜಿ ಕೊಟ್ಟ ಸಮುದಾಯದವರ ಅಂಗಡಿಯ ತಕ್ಕಡಿಯಲ್ಲೇ ಆ ಸಕ್ಕರೆ ತೂಗ್ತಿತ್ತು, ಎರಡೂ ನಿಜ, ಎರಡನ್ನೂ ಒಟ್ಟಿಗೆ ಹೇಳ್ಬೇಕು.

ಕೋಕೋ ಕತೆ ಇನ್ನೂ ಹತ್ತಿರದ್ದು. ನಮ್ಮ ಪುತ್ತೂರು, ಸುಳ್ಯದ ಕಡೆಯವರು ಅಡಿಕೆ ತೋಟದ ನಡುವೆ ಕೋಕೋ ಬೆಳೀತಾರೆ, ಕಾಯಿ ಒಡೆದು ಬೀಜ ತೆಗೆಯೋದು ಎಷ್ಟು ಕೈಕೆಲಸ ಅಂತ ಅವರಿಗೆ ಹೇಳ್ಬೇಕಾಗಿಲ್ಲ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಕ್ಯಾಡ್‌ಬರಿ, ಫ್ರೈ, ರೌನ್‌ಟ್ರೀ ಮೂರೂ ಕ್ವೇಕರ್ ಕಂಪನಿಗಳು ಆಫ್ರಿಕಾದ ಪಶ್ಚಿಮದ ಸಾವೊ ಟೊಮೆ, ಪ್ರಿನ್ಸಿಪೆ ದ್ವೀಪಗಳಿಂದ ಕೋಕೋ ತರಿಸ್ತಿದ್ರು. ಪೋರ್ಚುಗೀಸರ ಆಳ್ವಿಕೆಯ ಆ ತೋಟಗಳಿಗೆ ಅಂಗೋಲಾದಿಂದ ಜನರನ್ನ ಹಿಡಿದು ಸಾಗಿಸ್ತಿದ್ರು, ಹೆಸರಿಗೆ ಐದು ವರ್ಷದ ಕರಾರು, ವಾಪಸ್ ಬಂದವರು ಇಲ್ಲವೇ ಇಲ್ಲ ಅನ್ನಬಹುದು. ಕ್ವೇಕರ್ ಮಗು ಹುಟ್ಟಿದ ದಿನ, ಅಪ್ಪ ಅಮ್ಮನ ಹೆಸರು ಎಲ್ಲಾ ಪುಸ್ತಕದಲ್ಲಿ ಇತ್ತು ಅಂದೆನಲ್ಲ, ಈ ಜನರ ಕುತ್ತಿಗೆಗೆ ಸಿಕ್ಕಿದ್ದು ತಗಡಿನ ಬಿಲ್ಲೆ, ಅದರ ಮೇಲೊಂದು ನಂಬರ್. ಅವರ ಮೊಮ್ಮಕ್ಕಳು ಇವತ್ತು ತಮ್ಮ ವಂಶಾವಳಿ ಹುಡುಕ್ತೀವಿ ಅಂದ್ರೆ ಎಲ್ಲಿಗೆ ಹೋಗ್ಬೇಕು ಹೇಳಿ.

ವಿಷಯ 1901ರಲ್ಲೇ ಕ್ಯಾಡ್‌ಬರಿ ಕಂಪನಿಯ ವಿಲಿಯಂ ಕ್ಯಾಡ್‌ಬರಿ ಕಿವಿಗೆ ಬಿದ್ದಿತ್ತು. 1905ರಲ್ಲಿ ಜೋಸೆಫ್ ಬರ್ಟ್ ಅನ್ನೋರನ್ನ ಈ ಕಂಪನಿಗಳು ಒಟ್ಟಾಗಿ ತನಿಖೆಗೆ ಕಳಿಸಿದ್ವು, ಅವರು ಹೋಗಿ ನೋಡಿ ಇದು ಗುಲಾಮಗಿರಿಯೇ ಅಂತ ವರದಿ ಕೊಟ್ರು, ಖರೀದಿ ನಿಲ್ಲಿಸಿದ್ದು 1909ರ ಮಾರ್ಚ್‌ನಲ್ಲಿ. ಅದೇ ವರ್ಷ ಕೊನೆಗೆ ಕ್ಯಾಡ್‌ಬರಿಯವರು ಈ ಕೋಕೋ ಬಗ್ಗೆ ಬರೆದದ್ದಕ್ಕೆ ಸ್ಟ್ಯಾಂಡರ್ಡ್ ಪತ್ರಿಕೆ ಮೇಲೆ ಹಾಕಿದ ಮಾನನಷ್ಟ ಕೇಸು ಗೆದ್ರು, ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದ್ರೆ ಪೆನ್ನಿಯ ಕಾಲು ಭಾಗ. ಖರೀದಿ ನಿಲ್ಲಿಸೋಕೆ ಅಷ್ಟು ವರ್ಷ ಯಾಕೆ ಬೇಕಾಯ್ತು? ಒಳಗೆ ಇದ್ದು ಒತ್ತಡ ಹಾಕಿದ್ರೆ ಬದಲಾವಣೆ ಆಗುತ್ತೆ ಅಂತ ಅವರು ನಂಬಿದ್ರು, ವಿದೇಶಾಂಗ ಇಲಾಖೆಯವರೂ ತಾಳ್ಮೆ ಇರಲಿ ಅಂತಿದ್ರು, ಇವೆಲ್ಲಾ ಇದೆ. ಆದರೂ ಆ ವರ್ಷಗಳ ಕೋಕೋ ಯಾರ್ಕ್‌ಗೆ ಬರ್ತಾನೇ ಇತ್ತು, ಮತ್ತು 1904, ಅಂದ್ರೆ ಟ್ರಸ್ಟ್ ಹುಟ್ಟಿದ ವರ್ಷ, ಸರಿಯಾಗಿ ಆ ಅವಧಿಯ ನಡುವೆ ಬರುತ್ತೆ. ನನ್ನ ಮಟ್ಟಿಗೆ ಇಡೀ ಹುಡುಕಾಟದಲ್ಲಿ ಅತ್ಯಂತ ಕಷ್ಟದ ಜಾಗ ಇದು.

ಯಾಕಂದ್ರೆ ಅದೇ ದುಡ್ಡು ಮಾಡಿದ ಒಳ್ಳೇದೂ ಸುಳ್ಳಲ್ಲ. ಮಗ ಸೀಬೋಮ್ ರೌನ್‌ಟ್ರೀ 1899ರಲ್ಲಿ ಯಾರ್ಕ್‌ನ ಕಾರ್ಮಿಕರ ಮನೆಗಳಿಗೆಲ್ಲಾ, 11,560 ಕುಟುಂಬಗಳಿಗೆ, ಜನರನ್ನ ಕಳಿಸಿ ಲೆಕ್ಕ ತೆಗೆಸಿದ್ರು. ಗಂಡ, ಹೆಂಡತಿ, ಮೂರು ಮಕ್ಕಳು ಬರೀ ದೇಹ ಹಿಡಿದಿಟ್ಟುಕೊಳ್ಳೋಕೆ ವಾರಕ್ಕೆ 21 ಶಿಲ್ಲಿಂಗ್ 8 ಪೆನ್ಸ್ ಬೇಕು, ಅದರಲ್ಲಿ ಒಂದು ಪತ್ರಿಕೆಗೂ, ಬಸ್ಸಿಗೂ, ಮಕ್ಕಳ ಗೊಂಬೆಗೂ ಕಾಸಿಲ್ಲ. ಊರಿನ ಶೇಕಡ 27.84 ಜನ ಬಡತನದಲ್ಲಿದ್ದಾರೆ ಅಂತ 1901ರಲ್ಲಿ ಪ್ರಕಟವಾದಾಗ ಬಡವರು ಕುಡಿದು ಹಾಳಾದವರು ಅನ್ನೋ ಮಾತಿಗೆ ದೊಡ್ಡ ಪೆಟ್ಟು ಬಿತ್ತು, ದುಡಿದ್ರೂ ಕೂಲಿ ಸಾಲದು ಅನ್ನೋದು ಅಂಕಿ ಸಮೇತ ಗೊತ್ತಾಯ್ತು. ನ್ಯೂ ಇಯರ್ಸ್‌ವಿಕ್ ಅನ್ನೋ ಊರನ್ನ 1902ರಿಂದ ಕಟ್ಟಿದ್ರು, ಪ್ರತಿ ಮನೆಗೂ ತೋಟ, ಬೆಳಕು. ಕಾರ್ಮಿಕರಿಗೆ 1906ರಲ್ಲೇ ಪಿಂಚಣಿ.

ಕಂಪನಿಯ ಮುಂದಿನ ಕತೆ ಬೇಗ ಹೇಳಿಬಿಡ್ತೀನಿ. 1969ರಲ್ಲಿ ಮ್ಯಾಕಿಂಟಾಷ್ ಅನ್ನೋ ಮಿಠಾಯಿ ಕಂಪನಿ ಜೊತೆ ವಿಲೀನ, 1988ರಲ್ಲಿ ನೆಸ್ಲೆ ಖರೀದಿ. ನಡುವೆ ದಕ್ಷಿಣ ಆಫ್ರಿಕಾದಲ್ಲಿ ವಿಲ್ಸನ್ ರೌನ್‌ಟ್ರೀ ಅನ್ನೋ ಅಂಗಸಂಸ್ಥೆ ಇತ್ತು, ವರ್ಣಭೇದದ ಕಾಲದಲ್ಲಿ, 1981ರಲ್ಲಿ, ಅಲ್ಲಿ ನೂರಾರು ಕಪ್ಪು ಕಾರ್ಮಿಕರನ್ನ ಕೆಲಸದಿಂದ ತೆಗೆದರು, ಜನ ಅವರ ಮಿಠಾಯಿಗಳನ್ನೇ ಬಹಿಷ್ಕರಿಸಿದ್ರು.

2021ರ ಏಪ್ರಿಲ್‌ನಲ್ಲಿ ಈ ಮನೆತನದ ಇತಿಹಾಸ ನೋಡ್ಕೊಳ್ಳೋ ಯಾರ್ಕ್‌ನ ರೌನ್‌ಟ್ರೀ ಸೊಸೈಟಿ ಈ ಎಲ್ಲಾ ಎಳೆಗಳನ್ನ, ಅಂಗಡಿಯ ಸಕ್ಕರೆಯಿಂದ ದಕ್ಷಿಣ ಆಫ್ರಿಕಾದ ತನಕ, ಒಟ್ಟುಮಾಡಿ ಹೊರಗಿಟ್ಟಿತು, ಟ್ರಸ್ಟ್‌ನವರು ನಮ್ಮ ಮೂಲಧನದ ಬೇರು ಇಂಥದ್ರಲ್ಲಿ ಇರೋದಕ್ಕೆ ಕ್ಷಮೆ ಕೇಳ್ತೀವಿ ಅಂದ್ರು. ಯಾರೂ ಕೋರ್ಟಿಗೆ ಎಳೆಯದೆ ತಾವೇ ಹೇಳಿದ್ದು ದೊಡ್ಡ ಮಾತು. ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಕೆಲಸ ಇಲ್ಲಿಗೆ ಅರ್ಧ. ಕಂಪನಿಯ ಕಾಗದಪತ್ರ ಯಾರ್ಕ್ ವಿಶ್ವವಿದ್ಯಾಲಯದ ಬಾರ್ತ್‌ವಿಕ್ ಸಂಸ್ಥೆಯಲ್ಲಿ ಜೋಪಾನವಾಗಿದೆ, ಓದೋರಿದ್ದಾರೆ. ಸಾವೊ ಟೊಮೆಯ, ಅಂಗೋಲಾದ ಕಡೆಯ ದಾಖಲೆ ಹುಡುಕಿ, ಅಲ್ಲಿನವರೇ ಓದಿ, ಆ ನಂಬರುಗಳ ಹಿಂದಿದ್ದ ಹೆಸರು ಎಷ್ಟು ಸಿಗುತ್ತೋ ಅಷ್ಟು ತೆಗೆಯೋ ಕೆಲಸಕ್ಕೆ ಟ್ರಸ್ಟ್ ದುಡ್ಡು ಹೋಗ್ಬೇಕು. ಕಾಲ ಬದಲಾದ ಹಾಗೆ ಖರ್ಚಿನ ದಾರಿ ಬದಲಾಯಿಸ್ಕೊಳ್ಳಿ ಅಂತ ಜೋಸೆಫ್ ಆ ಟಿಪ್ಪಣಿಯಲ್ಲೇ ಟ್ರಸ್ಟಿಗಳಿಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ, ಹಾಗಾಗಿ ಇದಕ್ಕೆ ಅವರ ಅನುಮತಿ ಇದೆ ಅಂತಲೇ ನಾನು ಓದ್ಕೊಂಡಿದೀನಿ. ಪ್ರಶ್ನೆ ಇರೋರು ಈಗ ಕೇಳಿ.